ಮಳೆಗಾಲದಲ್ಲಿ ಸೈಕಲ್ ಚೈನ್ ಕೆಂಪಾದರೆ

ಪ್ರಶ್ನೆ: ಸರ್, ನಮ್ಮ ಮನೆ ಮಲ್ಪೆ ಕಡಲಿಗೆ ತೀರಾ ಹತ್ತಿರ. ಮಗನಿಗೆ ಗೇರ್ ಸೈಕಲ್ ಕೊಡಿಸಿ ಇನ್ನೂ ವರ್ಷ ಆಗಿಲ್ಲ, ಚೈನ್ ಆಗಲೇ ಕೆಂಪಾಗಿದೆ. ಸೈಕಲ್ ಜಗಲಿಯಲ್ಲೇ ಇರುತ್ತದೆ, ಮಳೆಗೆ ನೆನೆಯುವುದಿಲ್ಲ. ತೆಂಗಿನೆಣ್ಣೆ ಕೂಡ ಹಾಕುತ್ತಾ ಇದ್ದೇನೆ. ಆದರೂ ತುಕ್ಕು ಯಾಕೆ? ಚೈನ್ ಬದಲಿಸಬೇಕಾ?
– ಉಡುಪಿ ಜಿಲ್ಲೆಯ ಓದುಗರು

ಉತ್ತರ: ಬದಲಿಸುವ ಮಾತು ಆಮೇಲೆ. ಮೊದಲು ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ. ಹಿಂದಿನ ಗೇರ್ ಕೆಳಗೆ ಎರಡು ಪುಟ್ಟ ಹಲ್ಲಿನ ಚಕ್ರಗಳು ನೇತಾಡುತ್ತಿರುತ್ತವಲ್ಲ, ಅಲ್ಲಿ ಕಣ್ಣಿಡಿ. ಚೈನ್ ಸರಾಗವಾಗಿ ಹಾದುಹೋದರೆ ತುಕ್ಕು ಮೇಲ್ಮೇಲೆ ಮಾತ್ರ ಇದೆ. ಎಲ್ಲಾದರೂ ಒಂದು ಕೊಂಡಿ ಟಕ್ ಅಂತ ನೆಗೆದರೆ, ಅದರ ಪಿನ್ನಿಗೇ ತುಕ್ಕು ಇಳಿದಿದೆ. ಬಣ್ಣಕ್ಕಿಂತ ಈ ನೆಗೆತ ಮುಖ್ಯ. ನೋಡಲು ಕೆಂಪಾಗಿದ್ದರೂ ಚೆನ್ನಾಗಿ ಓಡುವ ಚೈನ್‌ಗಳಿವೆ. ಹೊರಗೆ ಫಳಫಳ ಹೊಳೆಯುತ್ತಾ ಒಳಗೆ ಒಣಗಿ ಸವೆದವೂ ಇವೆ.

ಮಳೆಗೆ ನೆನೆಯದಿದ್ದರೂ ತುಕ್ಕು ಬರುವುದಕ್ಕೆ ಕಾರಣ ನಿಮ್ಮ ಅಡುಗೆಮನೆಯಲ್ಲೇ ಇದೆ. ಆಷಾಢದಲ್ಲಿ ಮುಚ್ಚಿಟ್ಟ ಭರಣಿಯ ಉಪ್ಪೂ ನೀರೊಡೆಯುತ್ತದೆ ಅಲ್ವಾ? ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಕಡಲ ಗಾಳಿ ತಂದ ಸಣ್ಣ ಉಪ್ಪಿನ ಪುಡಿ ಚೈನ್ ಮೇಲೆ ಕೂತಿದ್ದರೆ ಸಾಕು, ಒಂದು ಹನಿ ಮಳೆ ಬೀಳದೆಯೂ ಅಲ್ಲಿ ಉಪ್ಪುನೀರಿನ ಪದರ ಹುಟ್ಟುತ್ತದೆ. ಸಿಹಿನೀರಿಗಿಂತ ಉಪ್ಪುನೀರಲ್ಲಿ ಕಬ್ಬಿಣ ಬಹಳ ಬೇಗ ಕೆಡುತ್ತದೆ.

ಹಾಗಾಗಿ ಉಪ್ಪಿನ ಮೇಲೆಯೇ ಎಣ್ಣೆ ಹೊಯ್ದರೆ ಪ್ರಯೋಜನ ಇಲ್ಲ. ಮೊದಲು ಉಪ್ಪು ಹೋಗಬೇಕು, ಅದು ನೀರಿಗೇ ಹೋಗುವಂಥದ್ದು. 'ತುಕ್ಕು ಹಿಡಿಯುತ್ತೆ, ನೀರು ತಾಗಿಸಬೇಡಿ' ಎನ್ನುವವರ ಮಾತು ಕರಾವಳಿಗೆ ಒಪ್ಪುವುದಿಲ್ಲ. ಬೀಚಿನ ಮರಳಿನ ಮೇಲೆ ಓಡಿಸಿದ ದಿನವಂತೂ ಬಕೆಟ್ಟು, ಚೊಂಬು ಹಿಡಿದು ಅವತ್ತೇ ತೊಳೆಯಿರಿ. ಹೊಳೆಬಾಯಿ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅದು ಬೇಡ. ಮಳೆಗಾಲದಲ್ಲಿ ಮಾಡಿನ ನೀರಿಗಿಂತ ಒಳ್ಳೆಯದು ಇಲ್ಲ.

ತೊಳೆದ ಮೇಲೆ ಹಳೇ ಬನಿಯನ್ ಬಟ್ಟೆಯಿಂದ ಚೈನನ್ನು ಗಟ್ಟಿಯಾಗಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒರೆಸಿ. ಡಬ್ಲ್ಯೂಡಿ-40 ಇದ್ದರೆ ಬಟ್ಟೆಗೆ ಸ್ವಲ್ಪ ಹೊಡೆದುಕೊಳ್ಳಿ. ಅದು ನೀರನ್ನು ಹೊರಗೆ ತಳ್ಳಲೆಂದೇ 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ಹೆಸರಿನಲ್ಲೇ ಆ ಕೆಲಸ ಇದೆ, ಡಬ್ಲ್ಯೂಡಿ ಅಂದರೆ 'ವಾಟರ್ ಡಿಸ್‌ಪ್ಲೇಸ್‌ಮೆಂಟ್' (ನೀರನ್ನು ತಳ್ಳುವುದು), 40 ಅಂದರೆ ನಲವತ್ತನೇ ಪ್ರಯತ್ನ. ಆದರೆ ಅದನ್ನೇ ಚೈನ್ ಎಣ್ಣೆ ಅಂದುಕೊಂಡು ಬಿಡಬೇಡಿ, ತೀರಾ ತೆಳು. ಅದು ಆರಿದ ಮೇಲೆ ನಿಜವಾದ ಎಣ್ಣೆ ಹಾಕಬೇಕು.

ತೆಂಗಿನೆಣ್ಣೆ ತಲೆಗೆ ಒಳ್ಳೆಯದು. ಚೈನ್‌ಗೆ ಹಾಕಿದರೆ ಬರಬರುತ್ತಾ ಅಂಟಾಗಿ ಮರಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸುಮ್ನೆ ಸಿಗುವ ಸುಟ್ಟ ಎಂಜಿನ್ ಆಯಿಲ್ ಅದಕ್ಕಿಂತ ಕೆಟ್ಟದ್ದು. ಅದರಲ್ಲಿ ಎಂಜಿನ್ನಿನ ಕಸ, ಲೋಹದ ಪುಡಿ ಎಲ್ಲ ಇರುತ್ತದೆ. ಹೊಲಿಗೆ ಮಷಿನ್ ಎಣ್ಣೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಸೈಕಲ್ ಅಂಗಡಿಯಲ್ಲಿ 'ವೆಟ್ ಲ್ಯೂಬ್' (ಮಳೆಗಾಲಕ್ಕೆಂದೇ ಇರುವ ಚೈನ್ ಎಣ್ಣೆ) ಅಂತ ಕೇಳಿ. ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಆದರೂ ನಡೆಯುತ್ತದೆ.

ಹಾಕುವ ಕ್ರಮ ಹೀಗೆ. ಚೈನಿನ ನಡುವೆ ಉರುಳುವ ರೋಲರ್ ಇದೆಯಲ್ಲ, ಒಂದೊಂದಕ್ಕೂ ಒಂದೇ ಹನಿ. ಪೆಡಲ್ ನಾಲ್ಕು ಸುತ್ತು ತಿರುಗಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಅಯ್ಯೋ, ಹಾಕಿದ್ದನ್ನು ಒರೆಸುವುದಾ ಅನ್ನಬೇಡಿ. ಎಣ್ಣೆಗೆ ಕೆಲಸ ಇರುವುದು ಪಿನ್ನು, ರೋಲರಿನ ಒಳಗೆ. ಹೊರಗೆ ತುಕ್ಕು ತಡೆಯಲು ಒರೆಸಿ ಉಳಿದ ತೆಳು ಪಸೆ ಸಾಕು.

ಬಿಗಿಯಾದ ಕೊಂಡಿಗೆ ಎಣ್ಣೆ ಬಿಟ್ಟು, ಅದರ ಎರಡೂ ಬದಿ ಹಿಡಿದು ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ. ಹೆಚ್ಚಿನವು ಸಡಿಲವಾಗುತ್ತವೆ. ಇನ್ನು ಬದಲಿಸಬೇಕಾ ಎಂಬುದಕ್ಕೆ ಸ್ಟೀಲ್ ಟೇಪ್ ಉತ್ತರ ಹೇಳುತ್ತದೆ. ಒಂದು ಪಿನ್ನಿನ ನಡುವಿನಿಂದ ಹಿಡಿದು ಮುಂದಿನ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ 1/16 ಭಾಗ ಜಾಸ್ತಿ ಬಂದರೆ ಹೊಸ ಚೈನ್ ತನ್ನಿ. 1/8 ಬಂದರೆ ಹಿಂದಿನ ಗೇರ್ ಹಲ್ಲುಗಳೂ ಸವೆದಿರುವ ಸಾಧ್ಯತೆ ಹೆಚ್ಚು, ಆಗ ಖರ್ಚು ಎರಡು. ಹೊಸದು ತರುವಾಗ ನಿಕಲ್ ಲೇಪನದ್ದೋ ತುಕ್ಕು ನಿರೋಧಕ ಲೇಪನದ್ದೋ ಸಿಕ್ಕರೆ ನಿಮ್ಮ ಊರಿಗೆ ಅದೇ ಸರಿ.

ಪ್ರಶ್ನೆ: ತುಕ್ಕು ಹಿಡಿದ ಚೈನನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿದರೆ ಹೊಸದಾಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಗೆಳೆಯ ಟಾಯ್ಲೆಟ್ ಕ್ಲೀನರ್ ಹಾಕು ಅನ್ನುತ್ತಾನೆ. ಯಾವುದು ಒಳ್ಳೆಯದು?
– ಶಿವಮೊಗ್ಗದ ವಿದ್ಯಾರ್ಥಿ

ಉತ್ತರ: ಎರಡೂ ಬೇಡ. ಚೈನಿನ ಪಟ್ಟಿ, ಪಿನ್ನುಗಳು ಗಟ್ಟಿ ಮಾಡಿದ ಉಕ್ಕು. ಆಸಿಡ್ ಉಕ್ಕಿನ ಜೊತೆ ಸೇರಿದಾಗ ಹೈಡ್ರೋಜನ್ ಹುಟ್ಟಿ ಲೋಹದೊಳಗೆ ಇಳಿಯುತ್ತದೆ. ಅಂಥ ಉಕ್ಕು ಪೆಡಸಾಗಿ ಬಿರುಕು ಬಿಡಬಹುದು. ಚೈನ್ ನೋಡಲು ಹೊಸದರಂತೆ ಹೊಳೆಯುತ್ತದೆ, ಆಗುಂಬೆಯಂಥ ಏರಿನಲ್ಲಿ ನಿಂತು ತುಳಿಯುವಾಗ ಕಡಿದರೆ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತದೆ. ಟಾಯ್ಲೆಟ್ ಕ್ಲೀನರಿನಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಅದು ಇನ್ನೂ ಅಪಾಯ.

ಸ್ವಲ್ಪ ಡೀಸೆಲ್ ಅಥವಾ ಸೀಮೆಎಣ್ಣೆ, ಹಳೇ ಟೂತ್‌ಬ್ರಷ್ ಸಾಕು. ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ. ಪೆಟ್ರೋಲಂತೂ ಬೇಡವೇ ಬೇಡ. ಅಷ್ಟಕ್ಕೂ ಹೋಗದ ತುಕ್ಕು ಅಂದರೆ ಆ ಚೈನ್ ಆಯುಸ್ಸು ಮುಗಿಯಿತು. ಹ್ಯಾಂಡಲ್, ಬೆಲ್ಲಿನ ಕ್ರೋಮ್ ಮೇಲಿನ ತುಕ್ಕಿಗೆ ಮಾತ್ರ ಒಂದು ಸುಲಭ ಉಪಾಯ ಇದೆ. ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ ನೀರಲ್ಲಿ ಅದ್ದಿ ಉಜ್ಜಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಸೈಕಲ್ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದೆ. ಬಿಚ್ಚಿ ನೋಡಿದರೆ ಫ್ರೀವೀಲ್ ತುಕ್ಕು, ಪೆಡಲ್ ಬಿಚ್ಚಲು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಕವರ್ ತೆಗೆದುಬಿಡಿ, ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ. ಬೇಕೇ ಬೇಕು ಅಂದರೆ ಹತ್ತಿಯ ಹಳೇ ಬೆಡ್‌ಶೀಟ್ ಹೊದಿಸಿ. ಫ್ರೀವೀಲಿನ ತಿರುಗುವ ಭಾಗ, ತಿರುಗದ ಭಾಗದ ನಡುವೆ ಸಣ್ಣ ಸಂದು ಕಾಣುತ್ತದೆ. ಸೈಕಲ್ ಮಲಗಿಸಿ ಅಲ್ಲಿಗೆ ತೆಳು ಎಣ್ಣೆ ಬಿಟ್ಟು ಚಕ್ರ ತಿರುಗಿಸಿ. ಗ್ರೀಸ್ ತುರುಕಬೇಡಿ, ಒಳಗಿನ ಪುಟ್ಟ ಕೊಕ್ಕೆಗಳು ಅಂಟಿಕೊಂಡರೆ ಪೆಡಲ್ ಬರೀ ಗಾಳಿಯಲ್ಲಿ ತಿರುಗುತ್ತದೆ. ವಾಟರ್ ಸರ್ವಿಸ್‌ನವರ ಪ್ರೆಶರ್ ಪೈಪನ್ನೂ ಆ ಕಡೆ ಹಿಡಿಸಬೇಡಿ.

ಪೆಡಲ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಉದ್ದ ಹಿಡಿಯ 15 ಮಿ.ಮೀ. ಸ್ಪ್ಯಾನರ್ ಹಾಕಿ. ಎಡಗಡೆ ಪೆಡಲಿನದು ಉಲ್ಟಾ ಥ್ರೆಡ್ ಎಂಬುದು ನೆನಪಿರಲಿ. ತಿಳಿಯದೆ ಎಷ್ಟೋ ಜನ ಬಿಚ್ಚುವ ಬದಲು ಇನ್ನಷ್ಟು ಬಿಗಿ ಮಾಡಿರುತ್ತಾರೆ. ಎರಡೂ ಕಡೆ ಸ್ಪ್ಯಾನರಿನ ಹಿಡಿ ಮೇಲಕ್ಕೆ ಇರುವಂತೆ ಹಾಕಿ, ಅದನ್ನು ಹಿಂದಿನ ಚಕ್ರದ ದಿಕ್ಕಿಗೆ ತಿರುಗಿಸಿದರೆ ಸಡಿಲ ಆಗುತ್ತದೆ. ವಾಪಸ್ ಹಾಕುವಾಗ ಥ್ರೆಡ್‌ಗೆ ಗ್ರೀಸ್ ಹಚ್ಚಿ.