ಮಗ ಬೆಳಗಾವಿಯನ್ನು ಬಿಟ್ಟುಕೊಟ್ಟನೇ?

ಮುಂಬೈ ಬಳಿಯ ಡೊಂಬಿವಲಿಯಲ್ಲೇ ಬೆಳೆದ ಮಗ ಬೆಳಗಾವಿ ಮಾತು ಬಂದರೆ ಮರಾಠಿ ಗೆಳೆಯರ ಪರ ವಹಿಸುತ್ತಾನೆ, ಅವನಿಗೆ ಕನ್ನಡದ ಅಭಿಮಾನವೇ ಇಲ್ಲವೇ ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ದ್ರೋಹ ಅಂದುಕೊಳ್ಳಬೇಡಿ.

‘ನಮ್ಮವರು’ ಎಂಬ ಭಾವ ಎಷ್ಟು ಬೇಗ ಹುಟ್ಟುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ 1971ರ ಹೊತ್ತಿಗೇ ತೋರಿಸಿದ್ದರು. ಬ್ರಿಸ್ಟಲ್‌ನ 14-15 ವರ್ಷದ ಶಾಲಾ ಹುಡುಗರನ್ನು ‘ನೀನು ಕಲಾವಿದ ಕ್ಲೀ ಚಿತ್ರ ಮೆಚ್ಚಿದವನು, ನೀನು ಕ್ಯಾಂಡಿನ್ಸ್ಕಿ ಚಿತ್ರ ಮೆಚ್ಚಿದವನು’ ಎಂದು ಎರಡು ಗುಂಪು ಮಾಡಿದರು. ನಿಜದಲ್ಲಿ ಯಾರು ಯಾವ ಗುಂಪಿಗೆ ಎನ್ನುವುದು ಚೀಟಿ ಎತ್ತಿದ ಹಾಗೆ. ಮುಖ ಕಾಣದ ಇಬ್ಬರಿಗೆ ಹಣ ಹಂಚಿ ಎಂದಾಗ ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ನಮ್ಮವನಿಗೆ ತುಸು ಕಡಿಮೆಯಾದರೂ ಸರಿ, ಆಚೆಯವನು ಇನ್ನೂ ಕೆಳಗಿರಲಿ ಎಂಬ ಒಲವೂ ಅಲ್ಲಿ ಕಂಡಿತು! ಗಡಿ ಭಾಷಣಗಳಲ್ಲಿ ನನಗೆ ಕೇಳಿಸುವುದು ಇದೇ, ಎರಡೂ ಕಡೆಯಿಂದ.

ಆ ಹುಡುಗರಿಗೆ ಬರೀ ಹೆಸರು ಸಾಕಾಯಿತು. ನಿಮ್ಮ ಮಗನಿಗಾದರೋ ಲೋಕಲ್‌ನ ಬಾಗಿಲಲ್ಲಿ ಜೊತೆಗೆ ಜೋತುಬೀಳುವ, ಗಣಪತಿ ಮಂಡಳದಲ್ಲಿ ರಾತ್ರಿಯೆಲ್ಲ ಮಂಟಪ ಕಟ್ಟುವ ಗೆಳೆಯರಿದ್ದಾರೆ.

ವಾದ ಬೇಡ. ಈ ಗಡಿ ವಿವಾದದ ಬಗ್ಗೆ ಬಂದ 1967ರ ಮಹಾಜನ್ ಆಯೋಗದ ವರದಿಯನ್ನು ಇಬ್ಬರೂ ಕೂತು ಓದಿ. ಬೆಳಗಾವಿ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಕರ್ನಾಟಕಕ್ಕೆ ಎಂದಿತ್ತು ಅದು. ಅವನ ಗೆಳೆಯರನ್ನೂ ಮನೆಗೆ ಕರೆದರೆ ಇನ್ನೂ ಒಳ್ಳೆಯದು.