ಡೊಮೇನ್‌ನ ಸ್ಥಿತಿ ‘ರಿಡೆಂಪ್ಷನ್ ಪೀರಿಯಡ್’ ಎಂದಿದ್ದರೆ ಹೆಸರು ಕೈತಪ್ಪಿದಂತೆಯೇ?

ಉಡುಪಿಯ ರಥಬೀದಿಯಲ್ಲಿರುವ ತಮ್ಮ ಅಂಗಡಿಯ ಡಾಟ್ ಕಾಮ್ ಡೊಮೇನ್ ಹೆಸರಿನ (ಜಾಲತಾಣದ ವಿಳಾಸದ) ಸ್ಥಿತಿ ‘ರಿಡೆಂಪ್ಷನ್ ಪೀರಿಯಡ್’ ಎಂದು ಕಾಣುತ್ತಿದೆ, ಇದರ ಅರ್ಥವೇನು ಎಂದು ಕೇಳಿದ್ದೀರಿ. ಹೆಸರು ಇನ್ನೂ ಕೈತಪ್ಪಿಲ್ಲ, ಆದರೆ ತಡಮಾಡಬೇಡಿ.

ನೋಂದಣಿಯ ಅವಧಿ ಮುಗಿದ ಕೂಡಲೇ ಹೆಸರು ಅಳಿಯುವುದಿಲ್ಲ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇಡುವ ಸಂಸ್ಥೆಯಾದ ರಿಜಿಸ್ಟ್ರಿಯು ಅದನ್ನು ತಾನಾಗಿಯೇ ನವೀಕರಿಸಿ, ಉಳಿಸುವುದೋ ಅಳಿಸುವುದೋ ಎಂದು ನಿರ್ಧರಿಸಲು ರಿಜಿಸ್ಟ್ರಾರ್‌ಗೆ (ಹೆಸರನ್ನು ನೋಂದಾಯಿಸಿಕೊಟ್ಟ ಕಂಪನಿಗೆ) ಗರಿಷ್ಠ 45 ದಿನ ಕೊಡುತ್ತದೆ. ರಿಜಿಸ್ಟ್ರಾರ್ ಅಳಿಸಿದ ಮೇಲೆ ಆರಂಭವಾಗುವುದೇ 30 ದಿನಗಳ ರಿಡೆಂಪ್ಷನ್. ಆಗ ಜಾಲತಾಣವೂ ಆ ಹೆಸರಿನ ಇಮೇಲೂ ನಿಂತಿರುತ್ತವೆ. ಹಿಂದಿನ ನೋಂದಣಿದಾರರು ಅದೇ ರಿಜಿಸ್ಟ್ರಾರ್ ಮೂಲಕ, ಸಾಮಾನ್ಯವಾಗಿ ನವೀಕರಣಕ್ಕಿಂತ ಬಹಳ ಹೆಚ್ಚಿನ ಶುಲ್ಕ ತೆತ್ತು, ಹೆಸರನ್ನು ಮರಳಿ ಪಡೆಯಬಹುದು. ಅದೂ ಮೀರಿದರೆ 5 ದಿನ ‘ಪೆಂಡಿಂಗ್ ಡಿಲೀಟ್’; ಆಗ ಯಾವ ಕೋರಿಕೆಯೂ ನಡೆಯದು, ಬಳಿಕ ಹೆಸರು ಯಾರ ಪಾಲಿಗಾದರೂ ಹೋಗಬಹುದು.

‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂಬ ಇನ್ನೊಂದು ಸ್ಥಿತಿಯನ್ನು ಕಂಡು ಗಾಬರಿಯಾಗುವವರೂ ಇದ್ದಾರೆ. ಅದು ಹೆಸರು ಕಳವಾಗದಂತೆ ರಿಜಿಸ್ಟ್ರಾರ್ ಹಾಕಿದ ಬೀಗವಷ್ಟೆ. ಆದರೆ ‘ಕ್ಲೈಂಟ್ ಹೋಲ್ಡ್’ ಎಂದಿದ್ದರೆ, ಹೆಸರಿನಿಂದ ಜಾಲತಾಣವನ್ನು ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಹೆಸರು ಸಿಗುವುದಿಲ್ಲ. ಬಾಕಿ ಹಣವೋ ದೃಢಪಡಿಸದ ಇಮೇಲ್ ವಿಳಾಸವೋ ಅದಕ್ಕೆ ಕಾರಣವಾಗಿರಬಹುದು.

ಜಾಲತಾಣವನ್ನು ಮಂಗಳೂರಿನಲ್ಲಿ ಮಾಡಿಸಿದ್ದೀರೆಂದು ಬರೆದಿದ್ದೀರಿ. ರಿಜಿಸ್ಟ್ರಾರ್ ಬಳಿಯ ಖಾತೆ ಅದನ್ನು ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ನವೀಕರಣದ ಸೂಚನೆಗಳೂ ಅವರಿಗೇ ಹೋಗಿರುತ್ತವೆ. ಇಂದೇ ಅವರಿಗೆ ಕರೆಮಾಡಿ, ಹೆಸರನ್ನು ಮರಳಿ ಪಡೆದ ಕೂಡಲೇ ಖಾತೆಯನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ.