ಹಂಪಿಯ ಮಂಟಪಗಳಲ್ಲಿ ಹೆಜ್ಜೆಗೊಂದು ಕಂಬ, ಗೋಲಗುಮ್ಮಟದೊಳಗೆ ಒಂದೂ ಇಲ್ಲ. ಏಕೆ?

ಮುಖ್ಯ ಕಾರಣ ಕಲ್ಲಿನ ಸ್ವಭಾವ. ಕಲ್ಲು ಭಾರವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎರಡು ಕಂಬಗಳ ಮೇಲೆ ಕಲ್ಲಿನ ತೊಲೆ ಇಟ್ಟರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ತೊಲೆಯ ತಳಭಾಗ ಎಳೆತಕ್ಕೆ ಸಿಕ್ಕಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ದಪ್ಪ ಅಷ್ಟೇ ಇಟ್ಟು ಉದ್ದ ಎರಡು ಪಟ್ಟು ಮಾಡಿದರೆ, ತೊಲೆಯ ಸ್ವಂತ ತೂಕದಿಂದ ಬರುವ ಎಳೆತವೇ ನಾಲ್ಕು ಪಟ್ಟಾಗುತ್ತದೆ! ಹಂಪಿಯ ಗ್ರಾನೈಟ್ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿರುವುದು ಇದಕ್ಕೇ.

17ನೇ ಶತಮಾನದ ವಿಜಯಪುರದಲ್ಲಿ ತೊಲೆಯನ್ನೇ ಕೈಬಿಟ್ಟರು. ಗೋಲಗುಮ್ಮಟದ ಚೌಕ ಕೋಣೆಯ ಮೇಲ್ಭಾಗದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾದು, ತಿರುಗಿಸಿಟ್ಟ ಎರಡು ಚೌಕಗಳ ಹಾಗೆ ಹೆಣೆದುಕೊಂಡಿವೆ. ಅವುಗಳ ಮೇಲೆ ಸುಮಾರು 38 ಮೀಟರ್ ಒಳವ್ಯಾಸದ ಇಟ್ಟಿಗೆ-ಗಾರೆಯ ಗುಮ್ಮಟ ನಿಂತಿದೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಕಮಾನುಗಳ ತೂಕ ಅದನ್ನು ಸರಿದೂಗಿಸುತ್ತದೆ. ನಮ್ಮ ನಾಡಿನ ಕಟ್ಟಡಗಳಲ್ಲಿ ನನಗೆ ಇದಕ್ಕಿಂತ ಜಾಣತನದ ಪರಿಹಾರ ಕಂಡಿಲ್ಲ.

ಆಕಾರವನ್ನು ತೀರ್ಮಾನಿಸುವಲ್ಲಿ ನೋಡುವವರ ಕಣ್ಣಿನ ಪಾಲೂ ಇದೆ. ಸೋಮನಾಥಪುರದ ಹೊಯ್ಸಳ ಗುಡಿಯ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ ಮೇಲೆ ನಡೆಯುವವರಿಗೆ ಗೋಡೆ ತೀರಾ ಹತ್ತಿರ. ಇಡೀ ಗುಡಿ ಒಟ್ಟಿಗೆ ಕಾಣುವುದಿಲ್ಲ. ನಕ್ಷತ್ರಾಕಾರದ ತಳವಿನ್ಯಾಸದಿಂದಾಗಿ ಗೋಡೆ ಮತ್ತೆ ಮತ್ತೆ ಮಡಚಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಹೊಸ ಮುಖ, ಬೇರೆ ನೆರಳು ಎದುರಾಗುತ್ತದೆ. ಅಷ್ಟು ಚೂಪಾದ ಅಂಚುಗಳು ಸಾಧ್ಯವಾದದ್ದು ಬಳಪದ ಕಲ್ಲು ಮೆದುವಾಗಿರುವುದರಿಂದ. ಗ್ರಾನೈಟಿನಲ್ಲಿ ಅದೇ ಕೆಲಸಕ್ಕೆ ಹಲವು ಪಟ್ಟು ಹೆಚ್ಚು ಶ್ರಮ ಬೇಕು.